68ರಲ್ಲಿ ಇಸ್ಪೀಟು ಕಲಿಯೋಕೆ ಕೂರಬಹುದಾ?

ಪ್ರಶ್ನೆ: ನನಗೆ 68 ವರ್ಷ. ತೀರ್ಥಹಳ್ಳಿ ಕಡೆಯವಳು, ಪ್ರೈಮರಿ ಶಾಲೆಯ ಟೀಚರ್ ಆಗಿ ನಿವೃತ್ತಿಯಾದವಳು. ಎರಡು ವರ್ಷದ ಹಿಂದೆ ಯಜಮಾನರು ಹೋದ ಮೇಲೆ ಬೆಂಗಳೂರಿಗೆ, ಮಗಳ ಅಪಾರ್ಟ್‌ಮೆಂಟಿಗೆ ಬಂದೆ. ಕೆಳಗಿನ ಕ್ಲಬ್‌ಹೌಸಿನಲ್ಲಿ ನನ್ನದೇ ವಯಸ್ಸಿನ ಮೂವರು ಹೆಂಗಸರು ವಾರದಲ್ಲಿ ಮೂರು ಮಧ್ಯಾಹ್ನ ಎಲೆ ಆಡುತ್ತಾರೆ. ರಮ್ಮಿ ಆಡುತ್ತಾರೆ, ಇಪ್ಪತ್ತೆಂಟು ಅಂತ ಇನ್ನೊಂದು ಆಡುತ್ತಾರೆ. ಅವರ ನಾಲ್ಕನೆಯವರು ಮಗನ ಮನೆಗೆ ಅಮೆರಿಕಕ್ಕೆ ಹೋದರಂತೆ. ಈಗ ನನ್ನನ್ನು ಕರೆಯುತ್ತಿದ್ದಾರೆ. ನನಗೆ ಏನೇನೂ ಬರುವುದಿಲ್ಲ. ನಮ್ಮ ಚಿಕ್ಕಪ್ಪ ಜಾತ್ರೆಯ ಇಸ್ಪೀಟಿನಲ್ಲಿ ಅಡಿಕೆ ತೋಟ ಕಳೆದವರು. ನಮ್ಮ ಮನೆಯಲ್ಲಿ ಎಲೆ ಮುಟ್ಟುವ ಹಾಗೇ ಇರಲಿಲ್ಲ. ಈಗೀಗ ಜನರ ಹೆಸರು ಮರೆಯುತ್ತೇನೆ. ಹೆಬ್ಬೆರಳಿನ ಬುಡ ನೋಯುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತೀನಿ. ಅವರು ಆಟಕ್ಕೆ ಹತ್ತು ರೂಪಾಯಿ ಇಡುತ್ತಾರೆ. ಮಗಳು "ಈ ವಯಸ್ಸಲ್ಲಿ ಇಸ್ಪೀಟಾ ಅಮ್ಮ?" ಅಂತಾಳೆ. ಆಡಿದರೆ ಮರೆವು ಬರುವುದಿಲ್ಲ ಅಂತ ಅವರು ಹೇಳುತ್ತಾರೆ, ನಿಜವಾ? ಎಲೆ ಕಲೆಸೋಕೂ ಬರದ ನಾನು ಈಗ ಕಲಿಯಬಹುದಾ?

ಉತ್ತರ: ಅಮ್ಮ, ಕಲಿಯಬಹುದು. ಹೋಗಿ ಕೂತುಕೊಳ್ಳಿ.

ನಾನು ವಯಸ್ಸಾದವರನ್ನು ನೋಡುವ ಡಾಕ್ಟರ್. ಜೊತೆಗೆ ಮೈಸೂರಿನ ಒಂದು ಹಿರಿಯರ ಹಗಲು ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ವಾರಕ್ಕೊಂದು ಸಂಜೆ ಎಲೆ ಹಂಚುತ್ತಿದ್ದೇನೆ. ಅರವತ್ತು ದಾಟಿದ ಮೇಲೆ ಮೊದಲ ಸಲ ಎಲೆ ಹಿಡಿದ ಎಷ್ಟೋ ಜನರಿಗೆ ಅಲ್ಲಿ ಹೇಳಿಕೊಟ್ಟಿದ್ದೇನೆ. ಹಾಗಾಗಿ ನಿಮ್ಮ ಒಂದೊಂದು ಮಾತಿಗೂ ಉತ್ತರ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನಿಮ್ಮ ಪತ್ರದಲ್ಲಿ ನೀವೇ ಅಷ್ಟು ಗಮನಿಸದ ಒಂದು ಮಾತು. "ಅವರ ನಾಲ್ಕನೆಯವರು ಅಮೆರಿಕಕ್ಕೆ ಹೋದರಂತೆ" ಎಂದಿದ್ದೀರಿ. ನನಗೆ ಮರೆವಿನ ಮಾತಿಗಿಂತ, ಹತ್ತು ರೂಪಾಯಿಯ ಮಾತಿಗಿಂತ ಇದೇ ದೊಡ್ಡದಾಗಿ ಕಂಡಿತು. ಇಪ್ಪತ್ತೆಂಟು ನಾಲ್ಕೇ ಜನರ ಆಟ. ಇಬ್ಬಿಬ್ಬರ ಎರಡು ಜೋಡಿ. ಮೂವರಿದ್ದರೆ ಸುಮ್ಮನೆ ಕೂತು ಕಾಫಿ ಕುಡಿದು ಏಳಬೇಕು, ಅಷ್ಟೇ. ಯಜಮಾನರು ಹೋದ ಮೇಲೆ ಊರು ಬಿಟ್ಟು ಬಂದವರ ಕಷ್ಟ ಏನು ಅಂತ ನಾನು ದಿನಾ ನೋಡುತ್ತೇನೆ. ಊಟ ತಿಂಡಿಗೆ ಕೊರತೆ ಇರುವುದಿಲ್ಲ. ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲರೂ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ಬೆಳಿಗ್ಗೆ ಪಾರ್ಕಿಗೆ ಹೋಗದಿದ್ದರೆ ಯಾರೂ ಕೇಳುವುದಿಲ್ಲ. ದೇವಸ್ಥಾನಕ್ಕೆ ಹೋಗದಿದ್ದರೂ ಯಾರೂ ಕೇಳುವುದಿಲ್ಲ. ಇಪ್ಪತ್ತೆಂಟರ ನಾಲ್ಕನೆಯವರು ಮೂರು ಗಂಟೆಗೆ ಬರಲಿಲ್ಲ ಅನ್ನಿ, ಮೂರೂಕಾಲಿಗೆ ಫೋನ್ ಬರುತ್ತದೆ. "ಎಲ್ಲಿದ್ದೀರಿ? ಹುಷಾರಿದ್ದೀರಾ?" ಅಂತ. ನಮ್ಮ ಕೇಂದ್ರದಲ್ಲಿ ಒಬ್ಬರು ಬಚ್ಚಲಲ್ಲಿ ಬಿದ್ದಿದ್ದು ಗೊತ್ತಾಗಿದ್ದು ಹೀಗೆ ಬಂದ ಫೋನಿನಿಂದ. ಮಗ ಆಫೀಸಿನಲ್ಲಿದ್ದ. ಎಲೆ ಹಂಚಿ ಕಾಯುತ್ತಾ ಕೂತಿದ್ದವರು ಮೂರು ಸಲ ಫೋನ್ ಮಾಡಿ, ಎತ್ತದಿದ್ದಾಗ ಪಕ್ಕದ ಮನೆಯವರಿಗೆ ಹೇಳಿ ಕಳಿಸಿದರು.

ಈಗ ಚಿಕ್ಕಪ್ಪನ ವಿಷಯ. ಇದನ್ನು ಸುಮ್ಮನೆ ತಳ್ಳಿಹಾಕಬಾರದು. ಮಲೆನಾಡಿನಲ್ಲಿ, ಬಯಲುಸೀಮೆಯಲ್ಲಿ ಇಸ್ಪೀಟಿಗೆ ತೋಟ, ಗದ್ದೆ, ಹೆಂಡತಿಯ ಒಡವೆ ಹೋದ ಮನೆಗಳು ಬೇಕಾದಷ್ಟಿವೆ. ಆ ಭಯ ನಿಮ್ಮ ಅಪ್ಪ ಅಮ್ಮ ಕಣ್ಣಾರೆ ಕಂಡು ಕಲಿತದ್ದು. ಆದರೆ ಜಾತ್ರೆಗಳಲ್ಲಿ ತೋಟ ನುಂಗುವ ಆಟ ಯಾವುದು? ಹೆಚ್ಚಾಗಿ ಅಂದರ್ ಬಾಹರ್, ಇಲ್ಲ ಮೂರೆಲೆ. ಅಂದರ್ ಬಾಹರ್‌ನಲ್ಲಿ ನಡುವೆ ಒಂದು ಎಲೆ ತೆರೆದಿಡುತ್ತಾರೆ. ಆಮೇಲೆ ಒಳಗೊಂದು ಹೊರಗೊಂದು ಎಲೆ ಹಾಕುತ್ತಾ ಹೋಗುತ್ತಾರೆ. ಅದೇ ಬೆಲೆಯ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆ ದುಡ್ಡು ಇಟ್ಟವರು ಗೆದ್ದರು. ಇದರಲ್ಲಿ ಆಡುವವರು ಮಾಡುವುದು ಏನೂ ಇಲ್ಲ. ದುಡ್ಡು ಇಡಬೇಕು, ಕಾಯಬೇಕು. ತಲೆಗೆ ಕೆಲಸವಿಲ್ಲ. ಸೋತವರು ಮುಂದಿನ ಸಲ ಬಂದೇ ಬರುತ್ತದೆ ಅಂತ ಇನ್ನಷ್ಟು ಇಡುತ್ತಾರೆ. ತೋಟ ಹೋಗುವುದು ಹೀಗೆ.

ರಮ್ಮಿ ಬೇರೆ. ನಮ್ಮ ಸುಪ್ರೀಂ ಕೋರ್ಟೇ 1967ರಲ್ಲಿ ಈ ವ್ಯತ್ಯಾಸ ಮಾಡಿ ಹೇಳಿತು. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ಆಂಧ್ರ ಸರ್ಕಾರ ನಡೆಸಿದ ಮೊಕದ್ದಮೆ ಅದು. ಮೂರೆಲೆ ಬರೀ ಅದೃಷ್ಟದ ಆಟ, ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟ ಎಂದು ಕೋರ್ಟ್ ಬರೆಯಿತು. ಅದಕ್ಕೆ ಕೊಟ್ಟ ಕಾರಣ ನನಗೆ ಬಹಳ ಇಷ್ಟ. ಯಾವ ಎಲೆ ಬಿತ್ತು ಅಂತ ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಅಂತ ತೀರ್ಮಾನ ಮಾಡಬೇಕು. ಇಟ್ಟುಕೊಳ್ಳುವುದು, ಬಿಡುವುದು. ಆಟದ ತಿರುಳೆಲ್ಲ ಅದರಲ್ಲೇ ಇದೆ.

ಇನ್ನೊಂದು ಮಾತು. ಎಲೆ ಆಟ ನಮ್ಮ ನೆಲಕ್ಕೆ ಕೆಟ್ಟದ್ದಾಗಿಯೇ ಬಂದದ್ದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಎಲೆ ಆಟಗಳನ್ನು ತಾವೇ ರೂಪಿಸುವಷ್ಟು ಅದರಲ್ಲಿ ಮುಳುಗಿದ್ದವರು. ಅವರ ಕಾಲದ ಶ್ರೀತತ್ತ್ವನಿಧಿ ಅನ್ನುವ ಗ್ರಂಥದಲ್ಲಿ ಆ ಆಟಗಳ ವಿವರ ಇದೆ. ಅವಕ್ಕೆ ಛದ ಅಂತ ಹೆಸರು. ಛದ ಅಂದರೆ ಎಲೆಯೇ. ಚಾಮುಂಡೇಶ್ವರಿ ಛದಕ್ಕೆ 320 ಎಲೆ! ಅದಕ್ಕೂ ಹಳೆಯದಾದ ದಶಾವತಾರ ಗಂಜೀಫಾದಲ್ಲಿ ಮತ್ಸ್ಯ, ಕೂರ್ಮ, ವರಾಹ ಅಂತ ಹತ್ತು ಬಣ್ಣ (ಒಂದೇ ಗುರುತಿನ ಎಲೆಗಳ ಗುಂಪಿಗೆ ಆಟದಲ್ಲಿ ಬಣ್ಣ ಅನ್ನುತ್ತಾರೆ), ಒಂದೊಂದರಲ್ಲಿ ಹನ್ನೆರಡು, ಒಟ್ಟು 120 ದುಂಡನೆಯ ಎಲೆ. ಒಂದೊಂದು ಎಲೆಯ ಮೇಲೂ ಕೈಯಲ್ಲಿ ಬರೆದ ಚಿತ್ರ. ಮೈಸೂರಿನಲ್ಲಿ ಗಂಜೀಫಾ ರಘುಪತಿ ಭಟ್ಟರು ಆ ಚಿತ್ರಕಲೆಯನ್ನು ಮತ್ತೆ ಎತ್ತಿ ನಿಲ್ಲಿಸಿದರು. ನೀವು ಚಿಕ್ಕವರಿದ್ದಾಗ ಚೌಕಾಬಾರ ಆಡಿರುತ್ತೀರಿ, ಅಳಗುಳಿಮಣೆಯಲ್ಲಿ ಹುಣಸೆ ಬೀಜ ಹಾಕಿರುತ್ತೀರಿ ಅಲ್ವಾ? ಲೆಕ್ಕ ಹಾಕುವುದು, ಎದುರಿನವರ ಮನಸ್ಸು ಓದುವುದು, ಕಾಯುವುದು ನಿಮಗೆ ಹೊಸದಲ್ಲ. ಎಲೆ ಮಾತ್ರ ಹೊಸದು.

ಮರೆವಿನ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಎಲೆ ಆಡಿದರೆ ಮರೆವಿನ ಕಾಯಿಲೆ ಬರುವುದೇ ಇಲ್ಲ ಅಂತ ಯಾರೂ ಮಾತು ಕೊಡಲಾರರು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಜನರನ್ನು ಸುಮಾರು ಐದು ವರ್ಷ ಗಮನಿಸಿದ ಒಂದು ಅಧ್ಯಯನ 2003ರಲ್ಲಿ ಬಂತು. ಓದುವುದು, ಎಲೆ ಅಥವಾ ಮಣೆ ಆಟ ಆಡುವುದು, ವಾದ್ಯ ನುಡಿಸುವುದು, ಕುಣಿಯುವುದು ಇವನ್ನು ಜಾಸ್ತಿ ಮಾಡುತ್ತಿದ್ದವರಲ್ಲಿ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಕಡಿಮೆ ಕಂಡಿತು. ಸಂತೋಷದ ಸುದ್ದಿಯೇ. ಆದರೆ ಅದನ್ನು ತಿರುಗಿಸಿಯೂ ನೋಡಬೇಕು. ಮೆದುಳು ಆಗಲೇ ಸೋಲಲು ಶುರುವಾದವರು ಮೊದಲು ಬಿಡುವುದೇ ಇಂಥ ಆಟಗಳನ್ನು. ಆಟ ಕಾಪಾಡಿತೋ, ಚೆನ್ನಾಗಿದ್ದವರೇ ಆಡುತ್ತಿದ್ದರೋ ಅಂತ ಬಿಡಿಸಿ ಹೇಳುವುದು ಕಷ್ಟ. ಅದಕ್ಕೇ ನಾನು ಎಲೆಯನ್ನು ಔಷಧಿ ಅಂತ ಯಾರಿಗೂ ಬರೆದುಕೊಡುವುದಿಲ್ಲ.

ಆದರೆ ಒಂದು ವಿಷಯದಲ್ಲಿ ನನಗೆ ಅನುಮಾನವಿಲ್ಲ. ಡಿಮೆನ್ಶಿಯಾದ ಬಗ್ಗೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿಯಲ್ಲಿ, ನಾವು ಬದಲಾಯಿಸಬಹುದಾದ 14 ಅಪಾಯಗಳ ಪಟ್ಟಿ ಇದೆ. ಸಕ್ಕರೆ ಕಾಯಿಲೆ, ಬಿಪಿ ಅದರಲ್ಲಿವೆ. ಒಂಟಿತನದ ಬಾಳು ಇದೆ. ಕಿವಿ ಕೇಳಿಸದಿರುವುದು ಇದೆ. ಚಿಕಿತ್ಸೆ ಮಾಡಿಸದೆ ಬಿಟ್ಟ ಕಣ್ಣಿನ ತೊಂದರೆ ಇದೆ. ಮೂವರ ಜೊತೆ ವಾರಕ್ಕೆ ಮೂರು ದಿನ ಕೂತರೆ ಒಂಟಿತನಕ್ಕೆ ಮದ್ದಾಯಿತು. ಆ ಮೇಜಿಗೆ ಹೋಗುವ ಮೊದಲು ಕಣ್ಣು, ಕಿವಿ ತೋರಿಸಿಕೊಂಡು ಬನ್ನಿ.

ಕಿವಿ ಅಂದೆ. ಒಂದು ಘಟನೆ ಹೇಳಲೇಬೇಕು. ನಮ್ಮ ಕೇಂದ್ರದಲ್ಲಿ 74ರ ಒಬ್ಬ ಯಜಮಾನರು ಇಪ್ಪತ್ತೆಂಟು ಆಡುತ್ತಿದ್ದರು. ಒಳ್ಳೆಯ ಆಟಗಾರರು. ಒಂದು ವರ್ಷದಿಂದ ತಪ್ಪು ಮಾಡೋಕೆ ಶುರು ಮಾಡಿದರು. ಎದುರಿನವರು ಹದಿನೇಳು ಪಾಯಿಂಟ್ ಮಾಡುತ್ತೇವೆ ಅಂದಿರುತ್ತಾರೆ, ಇವರು ಹದಿನಾರು ಅಂದುಕೊಂಡು ಆಡುತ್ತಾರೆ. ಯಾವ ಬಣ್ಣ ಇಳಿಸಿ ಅಂತ ಎರಡೆರಡು ಸಲ ಕೇಳುತ್ತಾರೆ. ಜೋಡಿಯವರು ಬೈದರು. ಮನೆಯವರು "ಅಪ್ಪನಿಗೆ ಮರೆವು ಶುರುವಾಯಿತು" ಅಂತ ನನ್ನ ಹತ್ತಿರ ಕರೆತಂದರು. ನಾನು ಅವರ ಬೆನ್ನ ಹಿಂದೆ ನಿಂತು ಮೆಲ್ಲಗೆ ಅವರ ಹೆಸರು ಕರೆದೆ. ತಿರುಗಲಿಲ್ಲ. ಮುಂದೆ ಬಂದು ತುಟಿ ಕಾಣುವ ಹಾಗೆ ಅಷ್ಟೇ ಮೆಲ್ಲಗೆ ಕರೆದೆ. "ಏನಮ್ಮ?" ಅಂದರು. ಕಿವಿಯ ಪರೀಕ್ಷೆ ಮಾಡಿಸಿ ಎರಡೂ ಕಿವಿಗೆ ಮಷಿನ್ ಹಾಕಿಸಿದರು. ಅವರು ಮರೆತಿರಲಿಲ್ಲ. ಕೇಳಿಸಿಯೇ ಇರಲಿಲ್ಲ. ಒಂದು ವರ್ಷ ಅವರು ಎಷ್ಟು ನೊಂದಿರಬೇಕು ಅಂತ ಈಗಲೂ ಅನಿಸುತ್ತದೆ.

ನೀವು ಹೆಸರು ಮರೆಯುತ್ತೀರಿ ಎಂದಿರಿ. ಆಮೇಲೆ ಯಾವಾಗಲೋ ನೆನಪಾಗುತ್ತದೆ ಅನ್ನುವುದಾದರೆ ಅದು ವಯಸ್ಸಿನದ್ದೇ. ತುರುಪು, ಅಂದರೆ ಬೇರೆಲ್ಲ ಬಣ್ಣಗಳನ್ನು ಹೊಡೆಯುವ ಬಣ್ಣ, ಯಾವುದು ಅಂತ ಆಟದ ನಡುವೆ ಮರೆತು ಕೇಳುವುದೂ ಹಾಗೇ, ಎಲ್ಲರೂ ಕೇಳುತ್ತಾರೆ. ನನಗೆ ಆತಂಕವಾಗುವುದು ಬೇರೆ ಕಡೆ. ನಲವತ್ತು ವರ್ಷದಿಂದ ರಮ್ಮಿ ಆಡಿದವರು ರಮ್ಮಿ ಆಡುವುದು ಹೇಗೆ ಅಂತಲೇ ಮರೆತರೆ, ದಿನಾ ಹೋಗುವ ಕ್ಲಬ್‌ಹೌಸಿನಿಂದ ಮನೆಗೆ ದಾರಿ ತಪ್ಪಿದರೆ, ಹತ್ತು ನಿಮಿಷದ ಹಿಂದೆ ಹೇಳಿದ್ದನ್ನು ಮತ್ತೆ ಮತ್ತೆ ಹೇಳುತ್ತಿದ್ದರೆ ಡಾಕ್ಟರಿಗೆ ತೋರಿಸಬೇಕು.

ಇನ್ನು ಆಟಕ್ಕೆ ಬರೋಣ. ಹೊಸಬರು ಎಲ್ಲರೂ ಹೆದರುವುದು ಒಂದಕ್ಕೇ. 52 ಎಲೆ ನೆನಪಿಡಬೇಕಾ? ಬೇಡ. ಯಾರೂ ಇಡುವುದಿಲ್ಲ.

ಮೊದಲ ವಾರ ಮೊಮ್ಮಗನ ಜೊತೆ ಮನೆಯಲ್ಲೇ ಕತ್ತೆ ಆಡಿ. ಒಬ್ಬರು ಇಳಿಸಿದ ಬಣ್ಣವನ್ನೇ ಎಲ್ಲರೂ ಇಳಿಸಬೇಕು. ಆ ಬಣ್ಣ ಇಲ್ಲದವರು ಬೇರೆ ಎಲೆ ಹೊಡೆದರೆ, ಅಲ್ಲಿಯವರೆಗೆ ದೊಡ್ಡ ಎಲೆ ಇಳಿಸಿದವರು ಬಿದ್ದದ್ದನ್ನೆಲ್ಲ ಎತ್ತಿಕೊಳ್ಳಬೇಕು. ಕೊನೆಗೆ ಎಲೆ ಉಳಿದವರೇ ಕತ್ತೆ. ಇದರಿಂದ ನಾಲ್ಕು ಬಣ್ಣ ಕಣ್ಣಿಗೆ ರೂಢಿಯಾಗುತ್ತದೆ. ಆಟೀನು, ಡೈಮಂಡು, ಕಳಾವರ್, ಇಸ್ಪೀಟು. ಎಕ್ಕ, ರಾಜ, ರಾಣಿ, ಗುಲಾಮ ಅನ್ನುವ ಮೆಟ್ಟಿಲೂ ಗೊತ್ತಾಗುತ್ತದೆ. ಬಣ್ಣಕ್ಕೆ ಬಣ್ಣ ಹಾಕುವ ರೂಢಿ ಕೈಗೆ ಬಂದರೆ ಮುಂದಿನ ಆಟಗಳ ಅರ್ಧ ಕಲಿತ ಹಾಗೆ.

ಎರಡನೇ ವಾರ ರಮ್ಮಿ. ಹದಿಮೂರು ಎಲೆ ಕೊಡುತ್ತಾರೆ. ಸರದಿ ಬಂದಾಗ ಒಂದು ಎಲೆ ಎತ್ತಿಕೊಂಡು ಒಂದನ್ನು ಬಿಡಬೇಕು. ಅದನ್ನು ಮೂರು ಮೂರರ ಮೂರು ಗುಂಪು, ನಾಲ್ಕರ ಒಂದು ಗುಂಪು ಅಂತ ಜೋಡಿಸಿದರೆ ಆಯಿತು. ಒಂದೇ ಬಣ್ಣದ ಐದು, ಆರು, ಏಳು ಆದರೆ ಅದು ಸರಣಿ. ಬೇರೆ ಬೇರೆ ಬಣ್ಣದ ಮೂರು ಒಂಬತ್ತು ಆದರೆ ಅದು ಸೆಟ್. ಜೋಕರ್ (ಬೇರೆ ಯಾವ ಎಲೆಯ ಬದಲಿಗಾದರೂ ನಡೆಯುವ ಎಲೆ) ಇಲ್ಲದ ಒಂದು ಸರಣಿ ಇರಲೇಬೇಕು. ಆಡುವವರು ಅದನ್ನು ಲೈಫ್ ಅನ್ನುತ್ತಾರೆ. ಅದೊಂದು ಆಗದಿದ್ದರೆ, ಸೋತಾಗ ಕೈಯಲ್ಲಿರುವ ಎಲ್ಲ ಎಲೆಯ ಪಾಯಿಂಟೂ ನಿಮ್ಮ ಮೇಲೆ ಬೀಳುತ್ತದೆ. ಅದಕ್ಕೇ ಎಲೆ ಎತ್ತಿಕೊಂಡ ತಕ್ಷಣ ಲೈಫ್ ಎಲ್ಲಿ ಆಗಬಹುದು ಅಂತ ಹುಡುಕಿ. ಬೇರೆಲ್ಲ ಆಮೇಲೆ.

ಹೊಸಬರ ಒಂದು ತಪ್ಪು ನಾನು ಪ್ರತಿ ಸಲ ನೋಡುತ್ತೇನೆ. ರಾಜ, ರಾಣಿ ಬಂದರೆ ಬಿಡಲು ಮನಸ್ಸು ಬರುವುದಿಲ್ಲ. ಚಿತ್ರ ಚೆನ್ನಾಗಿದೆ, ದೊಡ್ಡ ಎಲೆ ಬೇರೆ. ಲೆಕ್ಕ ಹಾಕಿ ನೋಡಿ. ನಿಮ್ಮ ಕೈಯಲ್ಲಿ ಒಂದು ಏಳು ಇದೆ ಅನ್ನಿ. ಅದು ಐದು-ಆರು-ಏಳು ಆಗಬಹುದು, ಆರು-ಏಳು-ಎಂಟು ಆಗಬಹುದು, ಏಳು-ಎಂಟು-ಒಂಬತ್ತು ಆಗಬಹುದು. ಮೂರು ದಾರಿ. ರಾಜನಿಗೆ ಎರಡೇ ದಾರಿ. ಗುಲಾಮ-ರಾಣಿ-ರಾಜ, ಇಲ್ಲ ರಾಣಿ-ರಾಜ-ಎಕ್ಕ. ಸೋತರೆ ರಾಜನಿಗೆ ಹತ್ತು ಪಾಯಿಂಟ್, ಏಳಕ್ಕೆ ಏಳೇ. ಹತ್ತಿರ ಜೊತೆ ಇಲ್ಲದ ರಾಜನನ್ನು ಬೇಗ ಬಿಟ್ಟುಬಿಡಿ.

ನೆನಪಿಡಬೇಕಾದದ್ದು ಏನು ಹಾಗಾದರೆ? ಒಬ್ಬರನ್ನು ಮಾತ್ರ. ನೀವು ಬಿಟ್ಟ ಎಲೆಯನ್ನು ಎತ್ತಿಕೊಳ್ಳುವ ಅವಕಾಶ ನಿಮ್ಮ ನಂತರ ಆಡುವವರಿಗೆ ಇರುತ್ತದೆ. ಅವರು ಏನು ಎತ್ತಿಕೊಂಡರು ಅಂತ ನೋಡಿ, ಸಾಕು. ಡೈಮಂಡ್ ಎಂಟು ಎತ್ತಿಕೊಂಡರಾ? ಹಾಗಾದರೆ ಡೈಮಂಡ್ ಏಳು, ಒಂಬತ್ತು ಮತ್ತೆ ಬೇರೆ ಎಂಟುಗಳನ್ನು ನೀವು ಬಿಡಬೇಡಿ. ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಯಾರು ಹೋಮ್‌ವರ್ಕ್ ಮಾಡಿಲ್ಲ ಅಂತ ಮುಖ ನೋಡಿಯೇ ಕಂಡುಹಿಡಿಯುತ್ತಿದ್ದವರು ನೀವು. ಇದು ನಿಮಗೆ ಕಷ್ಟವಾಗುವುದಿಲ್ಲ.

ಒಂದು ತಿಂಗಳು ಕಳೆದ ಮೇಲೆ ಇಪ್ಪತ್ತೆಂಟಕ್ಕೆ ಕೂರಿ. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ, ಮುಚ್ಚಿಡುವುದಿಲ್ಲ. ಮದುವೆಯಾಗಿ ಪುತ್ತೂರಿಗೆ ಹೋದ ಮೊದಲ ಮಳೆಗಾಲ. ಹೊರಗೆ ಮೂರು ದಿನದಿಂದ ಬಿಡದ ಮಳೆ. ನಮ್ಮ ಅತ್ತೆ ಜಗಲಿಯಲ್ಲಿ ಚಾಪೆ ಹಾಸಿ, "ಬಾ, ಒಂದು ಕೈ ಕಮ್ಮಿ ಇದೆ" ಅಂತ ಕರೆದರು. ಹೊಸ ಮನೆಯಲ್ಲಿ ಯಾರ ಜೊತೆ ಏನು ಮಾತಾಡುವುದು ಅಂತ ತಿಳಿಯದೆ ಕೂತಿದ್ದೆ ನಾನು. ಆವತ್ತು ಮಾತಾಡಬೇಕಾಗಲೇ ಇಲ್ಲ. ಎಲೆ ಇಳಿಸಿದರೆ ಸಾಕಾಯಿತು. ಆಟದ ಕೊನೆಗೆ ಎಲ್ಲರ ಜೊತೆ ಸಲಿಗೆ ಬಂದಿತ್ತು.

ಕೇರಳದಲ್ಲಿ, ನಮ್ಮ ಕರಾವಳಿಯಲ್ಲಿ ಈ ಆಟ ಬಹಳ. ಏಳರಿಂದ ಎಕ್ಕದವರೆಗಿನ 32 ಎಲೆ ಮಾತ್ರ ಸಾಕು. ಇದರಲ್ಲಿ ರಾಜ ರಾಣಿಯರಿಗೆ ಬೆಲೆಯೇ ಇಲ್ಲ. ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಅವನಿಗೆ ಮೂರು ಪಾಯಿಂಟ್. ಆಮೇಲೆ ಒಂಬತ್ತು, ಅದಕ್ಕೆ ಎರಡು. ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು. ಒಂದು ಬಣ್ಣಕ್ಕೆ ಏಳು ಪಾಯಿಂಟ್, ನಾಲ್ಕು ಬಣ್ಣಕ್ಕೆ ಇಪ್ಪತ್ತೆಂಟು. ಹೆಸರು ಬಂದದ್ದು ಹಾಗೆ.

ಮೊದಲು ನಾಲ್ಕೇ ಎಲೆ ಕೊಡುತ್ತಾರೆ. ಅದನ್ನು ನೋಡಿ, ನಮ್ಮ ಜೋಡಿ ಇಷ್ಟು ಪಾಯಿಂಟ್ ಮಾಡುತ್ತೇವೆ ಅಂತ ಕೇಳಬೇಕು. ಹದಿನಾಲ್ಕರಿಂದ ಶುರು. ನಿಮಗೆ ಕಳಾವರ್ ಗುಲಾಮ, ಕಳಾವರ್ ಒಂಬತ್ತು, ಕಳಾವರ್ ಏಳು, ಆಟೀನು ರಾಜ ಬಂದಿವೆ ಅನ್ನಿ. ಕಳಾವರ್‌ನ ದೊಡ್ಡ ಎರಡೂ ನಿಮ್ಮ ಹತ್ತಿರ. ಧೈರ್ಯವಾಗಿ ಹದಿನಾರು ಕೇಳಿ. ಯಾರೂ ಮೇಲೆ ಹೋಗದಿದ್ದರೆ ಕಳಾವರ್ ಏಳನ್ನು ಮಗುಚಿ ಮೇಜಿನ ಮೇಲಿಡಿ. ಅದೇ ತುರುಪು. ನಿಮ್ಮೊಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ, ಎದುರು ಕೂತ ನಿಮ್ಮ ಜೋಡಿಗೂ ಗೊತ್ತಿಲ್ಲ! ಆಮೇಲೆ ಉಳಿದ ನಾಲ್ಕು ಎಲೆ ಬರುತ್ತವೆ, ಆಟ ಶುರುವಾಗುತ್ತದೆ. ಯಾರಿಗೋ ಇಳಿಸಿದ ಬಣ್ಣ ಇರುವುದಿಲ್ಲ. ಅವರು ತುರುಪು ತೋರಿಸಿ ಅಂತ ಕೇಳುವವರೆಗೆ ಆ ಎಲೆ ಮಗುಚಿಯೇ ಇರುತ್ತದೆ. ಆ ಏಳನ್ನು ತಿರುಗಿಸಿ ಇಡುವ ಕ್ಷಣಕ್ಕಾಗಿ ಎಪ್ಪತ್ತೆಂಟರ ಅಜ್ಜಿಯರು ಮಳೆಯಲ್ಲಿ ಆಟೋ ಹಿಡಿದು ಬರುವುದನ್ನು ನಾನು ನೋಡಿದ್ದೇನೆ.

ಇಲ್ಲಿ ನೆನಪಿಡಬೇಕಾದದ್ದು ನಾಲ್ಕು ಗುಲಾಮರು. ಬಿದ್ದವರು ಎಷ್ಟು, ಹೊರಗಿರುವವರು ಎಷ್ಟು, ಅಷ್ಟೇ. ಅದು ಸಲೀಸಾದ ಮೇಲೆ ತುರುಪಿನ ಎಂಟು ಎಲೆ ಎಣಿಸಿ. ಒಂಬತ್ತುಗಳನ್ನು ಗಮನಿಸುವುದು ಅದಾದ ಮೇಲೆ ತಾನಾಗಿಯೇ ಬರುತ್ತದೆ.

ಹೆಬ್ಬೆರಳಿನ ನೋವಿಗೆ ಬರುತ್ತೇನೆ. ಹದಿಮೂರು ಎಲೆಯನ್ನು ಬೀಸಣಿಗೆ ಹಾಗೆ ಹರಡಿ ಅರ್ಧ ಗಂಟೆ ಚಿವುಟಿ ಹಿಡಿದರೆ ಒತ್ತಡವೆಲ್ಲ ಹೆಬ್ಬೆರಳಿನ ಬುಡದ ಕೀಲಿಗೇ. ಸಂಜೆ ದೋಸೆ ಮಗುಚುವಾಗ ಗೊತ್ತಾಗುತ್ತದೆ. ಇದಕ್ಕೆ ಒಂದು ಉಪಾಯ ಇದೆ. ಬಟ್ಟೆ ತಿಕ್ಕುವ ಬ್ರಷ್ ಹೊಸದೊಂದು ತನ್ನಿ, ಉದ್ದನೆಯ ಎಳೆ ಇರುವಂಥದ್ದು. ಎಳೆ ಮೇಲೆ ಮಾಡಿ ಮೇಜಿನ ಮೇಲಿಡಿ. ಎಳೆಗಳ ನಡುವೆ ಎಲೆ ಸಿಕ್ಕಿಸಿದರೆ ಸಾಲಾಗಿ ನಿಲ್ಲುತ್ತವೆ. ಕೈ ಪೂರ್ತಿ ಬಿಡುವು. ಬಡಗಿಗೆ ಹೇಳಿದರೆ ಒಂದಡಿ ಉದ್ದದ ಮರದ ತುಂಡಿನಲ್ಲಿ ಓರೆಯಾಗಿ ಎರಡು ಗೀರು ಕೊಯ್ದು ಕೊಡುತ್ತಾನೆ, ಅದು ಇನ್ನೂ ಚೆಂದ. ನಮ್ಮಲ್ಲಿ ಪಾರ್ಶ್ವವಾಯು ಆಗಿ ಒಂದೇ ಕೈ ಆಡುವವರೂ ಈ ತುಂಡಿಟ್ಟುಕೊಂಡು ಎಲ್ಲರ ಸಮ ಆಡುತ್ತಾರೆ. ಎಲೆಯನ್ನು ಪ್ಲಾಸ್ಟಿಕ್‌ದೇ ಕೊಳ್ಳಿ, ಮೂಲೆಯ ಅಂಕಿ ದೊಡ್ಡದಾಗಿ ಅಚ್ಚಾಗಿರುವ ಕಟ್ಟು ಕೇಳಿ. ದೀಪ ತಲೆಯ ಹಿಂದಿನಿಂದ ಬೀಳಲಿ, ಎದುರಿನಿಂದ ಬಂದರೆ ಪ್ಲಾಸ್ಟಿಕ್ ಎಲೆ ಹೊಳೆದು ಕಳಾವರ್ ಯಾವುದು ಇಸ್ಪೀಟು ಯಾವುದು ಗೊತ್ತಾಗುವುದಿಲ್ಲ.

ಸಕ್ಕರೆ ಕಾಯಿಲೆಯವರು ಆಟದಲ್ಲಿ ಮೈಮರೆಯುವುದು ಎರಡು ವಿಷಯ. ಒಂದು ತಿನ್ನುವುದು. ಚಕ್ಕುಲಿ, ಕೋಡುಬಳೆ, ಬಿಸ್ಕತ್ತು ಎಷ್ಟು ಹೋಯಿತು ಅಂತ ಗೊತ್ತಾಗುವುದಿಲ್ಲ. ನಿಮ್ಮ ಸರದಿ ಬಂದಾಗ ಸೌತೆಕಾಯಿ, ಹುರಿದ ಕಡಲೆಕಾಯಿ ತಗೊಂಡು ಹೋಗಿ. ಇನ್ನೊಂದು ತಿನ್ನದೇ ಇರುವುದು. ಕೆಲವು ಮಾತ್ರೆ ತಗೊಂಡು ಊಟ ತಡ ಮಾಡಿದರೆ ಸಕ್ಕರೆ ಇಳಿದುಬಿಡುತ್ತದೆ. ಕೈ ನಡುಗಿ ಬೆವರಿದರೆ ಅದು ಸೋಲಿನ ಭಯ ಅಂದುಕೊಳ್ಳಬೇಡಿ. ಪರ್ಸಿನಲ್ಲಿ ಎರಡು ತುಂಡು ಬೆಲ್ಲವೋ ಗ್ಲೂಕೋಸೋ ಇರಲಿ, ಜೊತೆಯವರಿಗೂ ಹೇಳಿಟ್ಟಿರಿ. ಮುಕ್ಕಾಲು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ.

ಹತ್ತು ರೂಪಾಯಿ. ನನ್ನ ಅಭಿಪ್ರಾಯ ಕೇಳಿದರೆ ಅದೂ ಬೇಡ. ನಿಮ್ಮ ಮನೆಯ ಕಥೆ ಗೊತ್ತಿದ್ದೂ ಮೊದಲ ದಿನವೇ ದುಡ್ಡಿಟ್ಟರೆ ಆ ನೋಟಿನ ಮೇಲೆ ಚಿಕ್ಕಪ್ಪನ ಮುಖವೇ ಕಾಣುತ್ತದೆ. ಅವರಿಗೆ ನೇರವಾಗಿ ಹೇಳಿ, "ನನಗೆ ದುಡ್ಡಿನ ಆಟ ಒಗ್ಗುವುದಿಲ್ಲ, ಹುಣಸೆ ಬೀಜ ತರ್ತೀನಿ" ಅಂತ. ನಾವು ಕೇಂದ್ರದಲ್ಲಿ ಹಾಗೇ ಮಾಡುವುದು. ಒಬ್ಬರಿಗೆ ಐವತ್ತು ಬೀಜ. ಬೀಜ ಖಾಲಿಯಾದ ಜೋಡಿ ಮುಂದಿನ ವಾರ ಕಾಫಿ ಮಾಡಿ ತರಬೇಕು. ಬೀಜಕ್ಕೂ ಜನ ಅಷ್ಟೇ ಜಿದ್ದಿನಿಂದ ಆಡುತ್ತಾರೆ, ನೋಡಿ ಬೇಕಾದರೆ. ಕಾನೂನಿನ ಮಾತೂ ತಿಳಿದಿರಲಿ. ಜೂಜು ಕಟ್ಟೆ ನಡೆಸುವುದು, ಅದರಿಂದ ಕಮಿಷನ್ ಹೊಡೆಯುವುದು ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಅಪರಾಧ. ನಾಲ್ವರು ಗೆಳತಿಯರು ಹುಣಸೆ ಬೀಜಕ್ಕೆ ಆಡುವುದಕ್ಕೆ ಯಾರ ತಕರಾರೂ ಇಲ್ಲ.

ಫೋನಿನಲ್ಲಿ ಕಲಿಯಿರಿ ಅಂತ ಯಾರಾದರೂ ಹೇಳಬಹುದು. ದುಡ್ಡು ಕಟ್ಟುವ ರಮ್ಮಿ ಆ್ಯಪ್‌ಗಳ ಹತ್ತಿರ ಹೋಗಬೇಡಿ. ಪಿಂಚಣಿ ಪೂರ್ತಿ ಕಳೆದು ಮಕ್ಕಳಿಗೆ ಹೇಳಲಾರದೆ ನನ್ನೆದುರು ಅತ್ತವರಿದ್ದಾರೆ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ರಮ್ಮಿಯೂ ಅದರಲ್ಲಿ ಬಂತು. ಆದರೂ ಲಿಂಕ್ ಕಳಿಸುವವರು ಇದ್ದೇ ಇರುತ್ತಾರೆ. ಒತ್ತಬೇಡಿ.

ಹೊಸಬರು ಆಟ ಬಿಟ್ಟು ಹೋಗುವುದು ಮರೆವಿನಿಂದಲ್ಲ, ಸೋಲಿನಿಂದಲೂ ಅಲ್ಲ. ಬೈಗುಳದಿಂದ. "ಅಯ್ಯೋ, ಆ ಗುಲಾಮನ್ನ ಈಗ ಯಾಕ್ರೀ ಇಳಿಸಿದ್ರಿ?" ಅಂತ ಎಲ್ಲರೆದುರು ಜೋಡಿಯವರು ಹಣೆ ಚಚ್ಚಿಕೊಂಡರೆ, ಮೂವತ್ತೈದು ವರ್ಷ ಪಾಠ ಹೇಳಿದವರಿಗೆ ಹೇಗಾಗುತ್ತದೆ? ಮರುದಿನ ಮೊಣಕಾಲು ನೋವು ಅಂತ ನೆಪ ಹೇಳುತ್ತಾರೆ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟುಪಾಡು ಇದೆ. ಮುಗಿದ ಆಟದ ಮಾತು ಕಾಫಿ ಬರುವವರೆಗೆ ಆಡುವ ಹಾಗಿಲ್ಲ. ಕಾಫಿಯ ಹೊತ್ತಿಗೆ ಸಿಟ್ಟು ಇಳಿದಿರುತ್ತದೆ, ಅದೇ ಮಾತು ಪಾಠವಾಗಿ ಬರುತ್ತದೆ. ನೀವೂ ಮೊದಲೇ ಕೇಳಿಕೊಳ್ಳಿ. "ಒಂದು ವಾರ ಪಕ್ಕದಲ್ಲಿ ಕೂತು ನೋಡ್ತೀನಿ, ಆಮೇಲೆ ಒಂದು ತಿಂಗಳು ಎಲೆ ತೆರೆದಿಟ್ಟುಕೊಂಡು ಕೇಳಿ ಕೇಳಿ ಆಡ್ತೀನಿ" ಅನ್ನಿ. ನಾಲ್ಕನೆಯವರು ಬೇಕಾದವರು ಒಪ್ಪಿಕೊಂಡೇ ಒಪ್ಪುತ್ತಾರೆ. ಹೀಗೆ ಕೇಳಿಯೂ ಬೈಯುವವರಾದರೆ ಅದು ನಿಮ್ಮ ಮೇಜಲ್ಲ. ಬೇರೆ ಮೂವರನ್ನು ಸೇರಿಸಿ, ಅದೇ ಕಟ್ಟಡದಲ್ಲಿ ಇದ್ದೇ ಇರುತ್ತಾರೆ.

ಮಗಳಿಗೆ ವಾದ ಮಾಡಿ ಒಪ್ಪಿಸಲು ಹೋಗಬೇಡಿ. ಒಂದು ಶನಿವಾರ ಅವಳನ್ನೇ ಕತ್ತೆ ಆಡೋಕೆ ಕೂರಿಸಿಕೊಳ್ಳಿ. ಅವಳ ಆತಂಕವೂ ನಿಮ್ಮ ಚಿಕ್ಕಪ್ಪನ ಕಥೆಯಿಂದಲೇ ಬಂದದ್ದು, ನೀವೇ ಹೇಳಿರುತ್ತೀರಿ ಅಲ್ವಾ? ಹುಣಸೆ ಬೀಜದ ಡಬ್ಬಿ ನೋಡಿದರೆ ಅರ್ಧ ಸಮಾಧಾನವಾಗುತ್ತದೆ. ಬೇಕಿದ್ದರೆ ಇದನ್ನೂ ಹೇಳಿ. 2018ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಡ್ಜ್ ಎಲೆ ಆಟ ಸೇರಿತು. ಗಂಡಸರ ಜೋಡಿಯಲ್ಲಿ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಭಾರತಕ್ಕೆ ಚಿನ್ನ ತಂದರು. ಆಗ ಒಬ್ಬರಿಗೆ 60, ಇನ್ನೊಬ್ಬರಿಗೆ 56. ಅದೇ ತಂಡದಲ್ಲಿ 79ರ ರೀಟಾ ಚೋಕ್ಸಿಯೂ ಇದ್ದರು. ಇಪ್ಪತ್ತೆಂಟು ಚೆನ್ನಾಗಿ ಕೈಹತ್ತಿದವರಿಗೆ ಬ್ರಿಡ್ಜ್ ದೂರವಲ್ಲ. ಎರಡು ಜೋಡಿ, ಕೇಳುವುದು, ತುರುಪು, ಎಲ್ಲವೂ ಅಲ್ಲೂ ಇದೆ. ಆದರೆ ಅದು ಮುಂದಿನ ವರ್ಷದ ಮಾತು.

ಕೊನೆಯದು, ಎಲೆ ಕಲೆಸೋಕೆ ಬರುವುದಿಲ್ಲ ಅಂದಿರಿ. ಸಿನಿಮಾದಲ್ಲಿ ಮಾಡುವ ಹಾಗೆ ಫರ್ ಫರ್ ಅಂತ ಕಲೆಸಬೇಕಾಗಿಲ್ಲ. ನಿಮ್ಮ ಹೆಬ್ಬೆರಳಿಗೆ ಅದು ಬೇಡವೂ ಬೇಡ. ಎಲೆಗಳನ್ನೆಲ್ಲ ಮಗುಚಿ ಮೇಜಿನ ತುಂಬ ಹರಡಿ. ಎರಡೂ ಅಂಗೈ ಚಪ್ಪಟೆ ಮಾಡಿ, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯಲ್ಲಿ ಕೈಯಾಡಿಸುತ್ತಿದ್ದಿರಲ್ಲ, ಹಾಗೆ ಸುತ್ತ ಸುತ್ತ ಆಡಿಸಿ. ಒಂದು ನಿಮಿಷ ಬಿಡದೆ ಆಡಿಸಿದರೆ ಚೆನ್ನಾಗಿಯೇ ಕಲೆಯುತ್ತದೆ. ಆಮೇಲೆ ಅಂಚಿನಿಂದ ಒಟ್ಟು ಮಾಡಿ, ಮೇಜಿಗೆ ಮೆಲ್ಲಗೆ ತಟ್ಟಿ ಕಟ್ಟು ನೇರ ಮಾಡಿ, ಪಕ್ಕದವರಿಗೆ ಕಟ್ ಮಾಡಲು ಕೊಡಿ.